ಕಜ್ಜಿಯು ಮನೆಯ ರೋಗ

ಈ ತಿಂಗಳ ಪಾಠದಲ್ಲಿ ನಾವು ಕಜ್ಜಿಯೆಂಬ ಚರ್ಮರೋಗದ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುತ್ತೇವೆ. ಇದು ಜ್ವರದಂತೆ ಮನುಷ್ಯನನ್ನು ಒಂದೇ ದಿವಸದಲ್ಲಿ ಹಾಸಿಗೆ ಹಿಡಿಸುವದಿಲ್ಲವಾದ ಕಾರಣ ಅನೇಕರು ಇದನ್ನು ಅಲ್ಪವೆಂದು ಎಣಿಸುತ್ತಾರೆ. ಆದರೆ ರಾತ್ರಿಯೆಲ್ಲಾ ನಿದ್ರೆಯಿಲ್ಲದೆ ತುರಿಸಿಕೊಂಡು ಅಳುವ ಕೂಸಿನ ತಾಯಿಯು ಹಾಗೆ ಹೇಳಲಾರಳು. ಔಷಧ ಹಚ್ಚಿದರೂ ತಿರಿಗಿ ಬರುತ್ತದಲ್ಲಾ ಎಂದು ಬೇಸತ್ತವರು ಬಹು ಮಂದಿ ಇದ್ದಾರೆ. ಅದು ತಿರಿಗಿ ಬರುವದೇಕೆಂಬದೇ ಈ ಪಾಠದ ಮುಖ್ಯ ವಿಷಯವು.

1. ರೋಗದ ಕಾರಣ.

ರಕ್ತ ಕೆಟ್ಟದ್ದರಿಂದ ಕಜ್ಜಿ ಬರುತ್ತದೆಂತ ಕೆಲವರೂ, ಬದನೇಕಾಯಿಯ ನಂಜೆಂತ ಕೆಲವರೂ, ನಾಗದೋಷವೆಂತ ಇನ್ನು ಕೆಲವರೂ ಹೇಳುತ್ತಾರೆ. ಇವುಗಳಲ್ಲಿ ಒಂದೂ ನಿಜವಲ್ಲ. ಇಟಲಿ ದೇಶದ ಬೊನೊಮೊ ಮತ್ತು ಚೆಸ್ಟೋನಿ ಎಂಬಿಬ್ಬರು 1687ರಲ್ಲಿಯೇ ಸೂಕ್ಷ್ಮದರ್ಶಕದಿಂದ ನೋಡಿ, ಇದಕ್ಕೆ ಕಾರಣವು ಒಂದು ಸಣ್ಣ ಹುಳವೆಂದು ತಿಳಿಸಿದರು. ಹೆಣ್ಣು ಹುಳವು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಮೇಲ್ದೊಗಲಿನಲ್ಲಿ ಬಿಲ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಬೆರಳುಗಳ ಸಂದು, ಮಣಿಕಟ್ಟು, ಕಂಕುಳು, ಸೊಂಟ, ಗುಹ್ಯಸ್ಥಾನ ಇವು ಅದರ ನೆಲೆಗಳು. ಕೂಸುಗಳಿಗೆ ಅಂಗೈ, ಅಂಗಾಲು, ತಲೆಗಳಲ್ಲಿಯೂ ಗುಳ್ಳೆಗಳೇಳುವವು. ತುರಿಕೆಯು ರಾತ್ರಿಯಲ್ಲಿ ಹೆಚ್ಚುವದು.

2. ಅಂಟುವ ವಿಧ.

ಮೈಗೆ ಮೈ ಬಹಳ ಹೊತ್ತು ತಗಲುವದರಿಂದಲೇ ಇದು ಹೆಚ್ಚಾಗಿ ಅಂಟುತ್ತದೆ. ಒಂದೇ ಕೌದಿಯೊಳಗೆ ಮಲಗುವ ಮಕ್ಕಳು, ಎತ್ತಿಕೊಳ್ಳುವ ಅಜ್ಜಿ, ಹಾಲೂಡುವ ತಾಯಿ ಇವರಿಗೆ ಬೇಗನೆ ಬರುವದು. ದಿನಾಲು ಸ್ನಾನ ಮಾಡುವವನಿಗೂ ಬರುವದು. ಆದಕಾರಣ ಇದನ್ನು ಕೊಳಕರ ರೋಗವೆಂದು ಹಳಿಯುವದೂ ನಾಚಿಕೊಂಡು ಬಚ್ಚಿಡುವದೂ ತಕ್ಕದ್ದಲ್ಲ.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಿರಿ. ಮೊದಲನೇ ಸಾರಿ ಹುಳ ಅಂಟಿದವನಿಗೆ 4ರಿಂದ 6 ವಾರಗಳ ವರೆಗೆ ತುರಿಕೆಯೇ ಕಾಣದೆ ಇರಬಹುದು. ಆದರೂ ಅಷ್ಟರೊಳಗೆ ಅವನಿಂದ ಬೇರೆಯವರಿಗೆ ಅಂಟುವದುಂಟು. ತುರಿಸಿಕೊಳ್ಳುವ ಹುಡುಗನೊಬ್ಬನಿಗೇ ಔಷಧ ಹಚ್ಚಿದರೆ ಅವನ ಪಕ್ಕದಲ್ಲಿ ಮಲಗುವ ತಂಗಿಯಿಂದ ಹುಳವು ಅವನಿಗೆ ತಿರಿಗಿ ಬರುತ್ತದೆ. ದೋಷವು ಔಷಧದ್ದಲ್ಲ, ಒಬ್ಬನಿಗೆ ಮಾತ್ರ ಹಚ್ಚಿದ್ದೇ ದೋಷವು.

3. ಔಷಧ ಹಚ್ಚುವ ಕ್ರಮ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೈಯನ್ನು ತೋರಿಸಿ, ಮನೆಯಲ್ಲಿ ಎಷ್ಟು ಜನರಿದ್ದಾರೆಂದು ತಪ್ಪದೆ ಹೇಳಿರಿ. ಪರ್ಮೆಥ್ರಿನ್ ಎಂಬ ನೂರಕ್ಕೆ 5 ಪಾಲಿನ ಮುಲಾಮನ್ನು ಸಾಧಾರಣವಾಗಿ ಕೊಡುತ್ತಾರೆ. ತುರಿಕೆ ಇದ್ದವರೂ ಇಲ್ಲದವರೂ ಎಲ್ಲರೂ ಒಂದೇ ರಾತ್ರಿಯಲ್ಲಿ ಅದನ್ನು ಹಚ್ಚಿಕೊಳ್ಳತಕ್ಕದ್ದು. ಗುಳ್ಳೆಯ ಮೇಲೆ ಮಾತ್ರವಲ್ಲ, ಕುತ್ತಿಗೆಯಿಂದ ಅಂಗಾಲಿನ ವರೆಗೆ, ಬೆರಳ ಸಂದುಗಳಿಗೂ ಉಗುರುಗಳ ಅಡಿಗೂ ಹಚ್ಚಿ, 8ರಿಂದ 12 ತಾಸುಗಳ ಮೇಲೆ ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಪುನಃ ಹಚ್ಚಬೇಕು. ಒಂದು ವಾರದ ಮೇಲೆ ಇದನ್ನೇ ಇನ್ನೊಂದಾವರ್ತಿ ಮಾಡಬೇಕು. ಕೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು.

ಮರುದಿನ ಉಟ್ಟ ಬಟ್ಟೆ, ಹಾಸಿಗೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ 3 ದಿವಸಕ್ಕೆ ಕಡಿಮೆಯಿಲ್ಲದಂತೆ ಇಟ್ಟರೆ ಸಾಕು, ಯಾಕಂದರೆ ಮನುಷ್ಯರ ಮೈಯನ್ನು ಬಿಟ್ಟ ಹುಳವು ಬಹುಕಾಲ ಬದುಕಲಾರದು.

4. ಎಚ್ಚರಿಕೆಗಳು.

ಹುಳ ಸತ್ತ ಮೇಲೆಯೂ 2ರಿಂದ 4 ವಾರಗಳ ವರೆಗೆ ತುರಿಕೆ ಇರುವದುಂಟು. ಅದರಿಂದ ಎದೆಗುಂದಿ ದಿನಾಲು ಮುಲಾಮು ಹಚ್ಚಬೇಡಿರಿ. ಅನಂತರವೂ ಹೊಸ ಗುಳ್ಳೆಗಳೆದ್ದರೆ ವೈದ್ಯರ ಬಳಿಗೆ ಹೋಗಿರಿ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮು ತುರಿಕೆಯನ್ನು ಅಡಗಿಸುತ್ತದೆ, ಹುಳವನ್ನು ಕೊಲ್ಲುವದಿಲ್ಲ. ಸೀಮೆಎಣ್ಣೆಯನ್ನಾಗಲಿ ಬೆಳೆಗೆ ಹೊಡೆಯುವ ಔಷಧವನ್ನಾಗಲಿ ಮೈಗೆ ಎಂದಿಗೂ ಹಚ್ಚಬಾರದು.

ತುರಿಸಿದ ಗಾಯವು ಕೀವಾದರೆ ಅದನ್ನು ಅಲ್ಪವೆಂದೆಣಿಸಬೇಡಿರಿ. ಆ ಗಾಯದಲ್ಲಿ ಸೇರುವ ಒಂದು ಬಗೆಯ ರೋಗಾಣುವಿನಿಂದ ಮಕ್ಕಳ ಮೂತ್ರಪಿಂಡಗಳು ಕೆಡುವದುಂಟು. ಮುಖ ಬಾತು, ಮೂತ್ರವು ಕಡಿಮೆಯಾಗಿ ಕೆಂಪಾಗಿ ಹೋದರೆ ಆ ದಿವಸವೇ ಆಸ್ಪತ್ರೆಗೆ ಒಯ್ಯಿರಿ.

5. ಎಲ್ಲರೂ ಒಟ್ಟಾಗಿ ಮಾಡಿದರ ಫಲ.

ಫಿಜಿ ದ್ವೀಪಗಳಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ರೋಗಿಗಳಿಗೂ ಅವರ ಹತ್ತಿರದವರಿಗೂ ಮಾತ್ರ ಔಷಧ ಕೊಟ್ಟ ಕಡೆ ಒಂದು ವರುಷದಲ್ಲಿ ಕಜ್ಜಿಯು ನೂರಕ್ಕೆ 37ರಿಂದ 19ಕ್ಕೆ ಇಳಿಯಿತು. ಊರಿಗೆ ಊರೇ ಐವರ್ಮೆಕ್ಟಿನ್ ಎಂಬ ಔಷಧ ನುಂಗಿದ ಕಡೆಯಲ್ಲಾದರೋ 32ರಿಂದ 2ಕ್ಕೆ ಇಳಿಯಿತು. ಆದಕಾರಣ ನಿಮ್ಮ ಮನೆಯಲ್ಲಿ ಕಜ್ಜಿ ಕಂಡರೆ ನೆರೆಯವರಿಗೂ ಆಶಾ ಕಾರ್ಯಕರ್ತೆಗೂ ನಾಚದೆ ತಿಳಿಸಿ, ಒಂದೇ ರಾತ್ರಿಯನ್ನು ನೇಮಿಸಿಕೊಳ್ಳಿರಿ.

ಮನೆಯವರೆಲ್ಲರೂ ಕೂಡಿ ಉತ್ತರ ಹೇಳತಕ್ಕ ಪ್ರಶ್ನೆಗಳು: ಕಜ್ಜಿಗೆ ಕಾರಣವೇನು? ತುರಿಕೆ ಇಲ್ಲದವರೂ ಯಾಕೆ ಔಷಧ ಹಚ್ಚಿಕೊಳ್ಳಬೇಕು? ಎರಡನೇ ಸಾರಿ ಹಚ್ಚುವದು ಯಾವಾಗ? ಯಾವ ಗುರುತನ್ನು ಕಂಡ ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು?