ಕಾರ್ಖಾನೆಗಳು ಉಳಿದವು, ಜನರೇನಾದರು?



ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ "ಇನ್ನೊಂದೇ ಒಂದು ಟರ್ನ್, ಅಮ್ಮಾ" ಎಂಬ ಮಾತು ನಿಮಗೆ ಹೊಸದಲ್ಲ. ಬಡಿಸಿಟ್ಟ ಊಟ ಆರುತ್ತದೆ, ಜಪಸರದ ಹೊತ್ತು ಮೀರುತ್ತದೆ, ಕಂಪ್ಯೂಟರಿನ ಮುಂದೆ ಕುಳಿತವರು ಮಾತ್ರ ಏಳುವುದಿಲ್ಲ. ಬೈದು ಎಬ್ಬಿಸುವುದು ನಮಗೆ ಗೊತ್ತು. ಆದರೆ ಆ ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಪಕ್ಕದಲ್ಲಿ ಕುಳಿತು ನೋಡಿದ್ದೇವೆ? ನಕ್ಷತ್ರಲೋಕದಲ್ಲಿ ಸಾಮ್ರಾಜ್ಯ ಕಟ್ಟುವ ಒಂದು ಆಟವನ್ನು ಈ ವಾರ ಬಿಡಿಸಿ ನೋಡೋಣ.

ಆಟದ ಹೆಸರು ‘ಮಾಸ್ಟರ್ ಆಫ್ ಒರಾಯನ್’. ನಮ್ಮ ಹಿರಿಯರು ಮಹಾವ್ಯಾಧ ಎಂದು ಕರೆದ ನಕ್ಷತ್ರಪುಂಜದ ಇಂಗ್ಲಿಷ್ ಹೆಸರೇ ಈ ಒರಾಯನ್. ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಟೀವ್ ಬಾರ್ಸಿಯಾ ಅವರ ಸಿಮ್‌ಟೆಕ್ಸ್ ಸಂಸ್ಥೆ ರಚಿಸಿದ ಇದನ್ನು ಮೈಕ್ರೋಪ್ರೋಸ್ ಕಂಪನಿ 1993ರಲ್ಲಿ ಹೊರತಂದಿತು. 1996ರಲ್ಲಿ ಎರಡನೆಯ ಭಾಗ, 2016ರಲ್ಲಿ ಹೊಸ ರೂಪ ಬಂದವು. ಮೂವತ್ತು ವರ್ಷ ದಾಟಿದ ಮೊದಲ ಆಟವನ್ನೇ ಇಲ್ಲಿ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದರಲ್ಲಿ ಅಲಂಕಾರ ಕಡಿಮೆ, ಲೆಕ್ಕ ಹೆಚ್ಚು. ಒಳಗಿನ ಎಲುಬು ಕಣ್ಣಿಗೆ ಕಾಣುತ್ತದೆ. ನಿಮ್ಮ ಮಕ್ಕಳು ಇಂದು ಆಡುವ ಇಂಥ ಆಟಗಳಲ್ಲೂ ಹೆಚ್ಚುಕಡಿಮೆ ಅದೇ ಎಲುಬಿದೆ.

ಆ ವರ್ಷವೇ ಆಲನ್ ಎಮ್ರಿಕ್ ಎಂಬ ಬರಹಗಾರರು ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಪತ್ರಿಕೆಯಲ್ಲಿ ಈ ಆಟದ ಪರಿಚಯ ಬರೆಯುತ್ತಾ ಅದನ್ನು ನಾಲ್ಕು ಮಾತುಗಳಲ್ಲಿ ಹಿಡಿದಿಟ್ಟರು: ಹುಡುಕು, ಹರಡು, ದುಡಿಸಿಕೋ, ನಿರ್ನಾಮ ಮಾಡು. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ‘ಎಕ್ಸ್’ ಸದ್ದಿರುವುದರಿಂದ ಇಂಥ ಆಟಗಳಿಗೆ ‘ಫೋರ್ ಎಕ್ಸ್’ ಎಂಬ ಹೆಸರೇ ನಿಂತಿತು. ಮಕ್ಕಳು ಆ ಹೆಸರನ್ನು ಸಲೀಸಾಗಿ ಹೇಳುತ್ತಾರೆ. ನಾಲ್ಕನೆಯ ಮಾತನ್ನು ಮಾತ್ರ ನೀವೊಮ್ಮೆ ಗಟ್ಟಿಯಾಗಿ ಓದಿ ನೋಡಿ.

ಬೀಜದ ಭತ್ತ

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಆಟ ಆರಂಭವಾಗುವುದು ಒಂದು ತಾಯಿಗ್ರಹ, ಎರಡು ಶೋಧನೌಕೆ ಮತ್ತು ಒಂದು ವಲಸೆನೌಕೆಯಿಂದ. ವರ್ಷ 2300, ಒಂದು ಟರ್ನ್ ಎಂದರೆ ಒಂದು ವರ್ಷ. ಪ್ರತಿಯೊಂದು ಗ್ರಹದ ದುಡಿಮೆಯನ್ನೂ ಐದು ಬಾಬ್ತುಗಳಿಗೆ ಹಂಚಬೇಕು: ನೌಕೆ, ರಕ್ಷಣೆ, ಕಾರ್ಖಾನೆ, ಪರಿಸರ, ಸಂಶೋಧನೆ. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಎಲ್ಲವನ್ನೂ ಯುದ್ಧನೌಕೆಗೆ ಸುರಿದವನು ಬೀಜದ ಭತ್ತವನ್ನು ಬೇಯಿಸಿ ಉಂಡ ರೈತನಂತೆ ಮುಂದೆ ಬರಿಗೈಯಾಗುತ್ತಾನೆ. ಕಾರ್ಖಾನೆಗಳು ಉಗುಳಿದ ಕಸವನ್ನು ತೊಳೆಯಲು ಹಣ ಇಡದಿದ್ದರೆ ಆ ಗ್ರಹದಲ್ಲಿ ಬದುಕಬಲ್ಲವರ ಸಂಖ್ಯೆಯೇ ಇಳಿಯುತ್ತದೆ. ಹದಿನಾಲ್ಕರ ಹುಡುಗಿ ಇದನ್ನು ತಾನೇ ಕಂಡುಕೊಂಡರೆ ಅದು ಸಣ್ಣ ಸಂಗತಿಯಲ್ಲ. ಸಂಬಳದ ದಿನ ನಾವು ದೊಡ್ಡವರೂ ಇದೇ ಲೆಕ್ಕದಲ್ಲಿ ತಡವರಿಸುತ್ತೇವೆ.

ಸಂಖ್ಯೆ ಸೊನ್ನೆಯಾದಾಗ

ಇನ್ನು ಕಷ್ಟದ ಭಾಗ. ಈ ಆಟದಲ್ಲಿ ಜನರನ್ನು ದಶಲಕ್ಷಗಳಲ್ಲಿ ಎಣಿಸುತ್ತಾರೆ. ಒಂದು ಗ್ರಹದಿಂದ ಇನ್ನೊಂದಕ್ಕೆ ಜನರನ್ನು ಸಾಗಿಸಬಹುದು. ಹೋದ ಗ್ರಹ ನಮ್ಮದೇ ಆಗಿದ್ದರೆ ಅವರು ವಲಸಿಗರು; ಶತ್ರುವಿನದಾಗಿದ್ದರೆ ಅದೇ ಜನ ಸೈನಿಕರು. ಗುಂಡಿ ಬೇರೆಯಿಲ್ಲ, ಮಾತು ಬೇರೆಯಿಲ್ಲ. ಅತ್ತ ಆ ಗ್ರಹದ ಸಮಸ್ತ ಜನರೂ ರಕ್ಷಣೆಗೆ ನಿಲ್ಲುತ್ತಾರೆ. ಮುದುಕರು, ಮಕ್ಕಳು ಎಂಬ ಭೇದ ಲೆಕ್ಕಕ್ಕೆ ಗೊತ್ತಿಲ್ಲ. ಎರಡು ಕಡೆಯ ಸಂಖ್ಯೆಗಳೂ ಇಳಿಯುತ್ತಾ ಬಂದು ಒಂದು ಕಡೆ ಸೊನ್ನೆಯಾದಾಗ ಕದನ ಮುಗಿಯುತ್ತದೆ. ನೀವು ಗೆದ್ದರೆ ಬದುಕುಳಿದ ನಿಮ್ಮವರೇ ಆ ಗ್ರಹದ ಹೊಸ ನಿವಾಸಿಗಳು. ಹಳೆಯ ನಿವಾಸಿಗಳು ಸೆರೆಯಾಗುವುದಿಲ್ಲ, ಓಡಿಹೋಗುವುದಿಲ್ಲ, ಪ್ರಜೆಗಳಾಗಿ ಉಳಿಯುವುದೂ ಇಲ್ಲ. ಅವರ ಕಾರ್ಖಾನೆಗಳು ಮಾತ್ರ ನಿಮ್ಮ ಕೈಸೇರುತ್ತವೆ, ಕೆಲವೊಮ್ಮೆ ಅವರ ವಿದ್ಯೆಯೂ ಜೊತೆಗೆ.

ಇಷ್ಟೂ ಅರ್ಧ ನಿಮಿಷದ ಕೆಲಸ. ರಕ್ತವಿಲ್ಲ, ಕೂಗಿಲ್ಲ. ರಕ್ತ ತೋರಿಸುವ ಆಟಗಳನ್ನು ಕಂಡರೆ ನಾವು ಬೆಚ್ಚಿಬೀಳುತ್ತೇವೆ, ಇದನ್ನು ‘ಬುದ್ಧಿಯ ಆಟ’ ಎಂದು ಹೊಗಳುತ್ತೇವೆ. ನನ್ನನ್ನು ಕೇಳಿದರೆ ಹೆಚ್ಚು ಮಾತಾಡಬೇಕಾದದ್ದು ಇದರ ಬಗ್ಗೆಯೇ. ಏಕೆಂದರೆ ನಿಜಲೋಕದಲ್ಲೂ ಊರಿಗೆ ಊರೇ ಇಲ್ಲವಾಗುವಾಗ ಆಜ್ಞೆ ಕೊಟ್ಟವರ ಮೇಜಿನ ಮೇಲೆ ರಕ್ತ ಬೀಳುವುದಿಲ್ಲ; ಅಲ್ಲಿಗೂ ಬರುವುದು ಅಂಕಿಸಂಖ್ಯೆಯೇ.

ಬೇಹುಗಾರರ ಸಂಗತಿಯೂ ಇದೆ. ಪರರಾಜ್ಯದಲ್ಲಿ ವಿದ್ಯೆ ಕದ್ದ ಮೇಲೆ ಕೆಲವೊಮ್ಮೆ ಆಟವೇ ಕೇಳುತ್ತದೆ: ಈ ಕಳ್ಳತನವನ್ನು ಯಾರ ತಲೆಗೆ ಕಟ್ಟಲಿ? ನಿರಪರಾಧಿ ನೆರೆಯವನ ಹೆಸರನ್ನು ಒತ್ತಿದರೆ ಅವರಿಬ್ಬರ ನಡುವೆ ಜಗಳ, ನಿಮಗೆ ಲಾಭ. ಧರ್ಮೋಪದೇಶ ತರಗತಿಯಲ್ಲಿ ಎಂಟನೆಯ ಕಟ್ಟಳೆಯನ್ನು ವಿವರಿಸಲು ಉದಾಹರಣೆ ಹುಡುಕುವ ಶಿಕ್ಷಕರು ಬೇರೆಲ್ಲೂ ಹೋಗಬೇಕಾಗಿಲ್ಲ. ಹುಡುಗರು ಚೆನ್ನಾಗಿ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಖಾಲಿ ಗ್ರಹ, ಖಾಲಿಯಲ್ಲದ ನೆಲ

‘ಹುಡುಕು, ಹರಡು’ ಎಂಬ ಮೊದಲೆರಡು ಮಾತುಗಳಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಆಟದಲ್ಲಿ ತಪ್ಪಿಲ್ಲ, ಯಾರ ಬಾವುಟವೂ ಇಲ್ಲದ ಗ್ರಹ ಅಲ್ಲಿ ನಿಜಕ್ಕೂ ಖಾಲಿ. ಆದರೆ ಭೂಮಿಯ ಮೇಲೆ ಹಾಗಿರಲಿಲ್ಲ. ಇಲ್ಲಿ ನಮ್ಮ ಧರ್ಮಸಭೆಯ ಚರಿತ್ರೆಯನ್ನೂ ಮುಚ್ಚಿಡಬಾರದು. 1493ರಲ್ಲಿ ಜಗದ್ಗುರು ಆರನೆಯ ಅಲೆಕ್ಸಾಂಡರ್ ಅವರು ಅಟ್ಲಾಂಟಿಕ್ ಸಾಗರದ ಆಚೆ ಹೊಸದಾಗಿ ಕಂಡ ನಾಡುಗಳನ್ನು ಸ್ಪೇನ್ ದೊರೆಗಳಿಗೆ ವಹಿಸಿ ಆಜ್ಞಾಪತ್ರ ಹೊರಡಿಸಿದರು. ಮರುವರ್ಷ ಟೋರ್ಡೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಭೂಪಟದ ಮೇಲೆ ಗೆರೆ ಎಳೆದು ಹಂಚಿಕೊಂಡವು. ಗೆರೆಯ ಎರಡೂ ಕಡೆ ಕೋಟ್ಯಂತರ ಜನರಿದ್ದರು. ಆಟದ ನಕ್ಷೆಯಲ್ಲಿ ಗ್ರಹ ಒತ್ತಿದಂತೆ ಅವರ ನೆಲವನ್ನು ಒತ್ತಲಾಯಿತು.

ಅವರನ್ನು ಎಣಿಕೆಯಿಂದಾಚೆ ಕಂಡವರೂ ನಮ್ಮವರಲ್ಲೇ ಇದ್ದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರು ಮೊದಲು ಕ್ಯೂಬಾದಲ್ಲಿ ಸ್ಥಳೀಯರನ್ನು ದುಡಿಸಿಕೊಳ್ಳುವ ಹಕ್ಕುಳ್ಳ ಜಮೀನುದಾರರೇ ಆಗಿದ್ದರು. 1514ರಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟರು, ಮುಂದೆ ಡೊಮಿನಿಕನ್ ಸಭೆ ಸೇರಿದರು. ಕಣ್ಣಾರೆ ಕಂಡ ಕೊಲೆಗಳನ್ನು ಬರೆದು 1552ರಲ್ಲಿ ಅಚ್ಚುಹಾಕಿಸಿದರು. ನೆಲವನ್ನು ‘ಕಂಡುಹಿಡಿದವರಿಗೆ’ ಅದು ಸೇರುತ್ತದೆ ಎಂಬ ಸಿದ್ಧಾಂತ ಕಥೋಲಿಕ ಬೋಧನೆಯ ಭಾಗವಲ್ಲ ಎಂದು ವ್ಯಾಟಿಕನ್ ಅದನ್ನು ಬಹಿರಂಗವಾಗಿ ತಳ್ಳಿಹಾಕಿದ್ದು 2023ರ ಮಾರ್ಚ್ 30ರಂದು. ಇಷ್ಟು ತಡವೇಕೆ ಎಂದು ನಿಮ್ಮ ಮಗ ಕೇಳಿದರೆ ಗದರಿಸಬೇಡಿ. ಕೇಳತಕ್ಕ ಪ್ರಶ್ನೆಯೇ ಅದು.

ಹಾಗಾದರೆ ಮಾಡುವುದೇನು?

ತಂತಿ ಕೀಳುವುದಂತೂ ಬೇಡ. ಯಾವ ಟರ್ನ್‌ನಲ್ಲಿ ಬೇಕಾದರೂ ಆಟವನ್ನು ಉಳಿಸಿಟ್ಟು ಏಳಬಹುದು. ಆದ್ದರಿಂದ "ಈ ವರ್ಷ ಮುಗಿಸಿ, ಸೇವ್ ಮಾಡಿ ಊಟಕ್ಕೆ ಬಾ" ಎನ್ನಿ. ಆಟ ಗೊತ್ತಿರುವವರು ಹೇಳಿದ ಮಾತಿಗೆ ಮಕ್ಕಳು ಬೇಗ ಏಳುತ್ತಾರೆ.

ಆಮೇಲೆ ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿ: ಈ ಗ್ರಹದಲ್ಲಿ ಮೊದಲು ಯಾರಿದ್ದರು? ಎಷ್ಟು ಮಂದಿ? ಅವರೀಗ ಎಲ್ಲಿ? ತೀರ್ಪು ಹೇಳುವ ಧ್ವನಿ ಬೇಡ. ಉತ್ತರವನ್ನು ಮಗುವೇ ಹುಡುಕಲಿ. 2016ರಲ್ಲಿ ಬಂದ ‘ಸ್ಟೆಲ್ಲಾರಿಸ್’ ಎಂಬ ಸ್ವೀಡನ್ ದೇಶದ ಆಟವನ್ನು ಆಡುವ ಮಕ್ಕಳಾದರೆ ಪ್ರಶ್ನೆ ಇನ್ನೂ ನೇರವಾಗುತ್ತದೆ. ಅಲ್ಲಿ ಸೋತ ಜನ ಮಾಯವಾಗುವುದಿಲ್ಲ. ಅವರಿಗೆ ಪೌರತ್ವವೋ, ಗುಲಾಮಗಿರಿಯೋ, ನಿರ್ಮೂಲನವೋ ಎಂದು ಆಡುವವರೇ ಆರಿಸಬೇಕು. "ನೀನು ಯಾವುದನ್ನು ಆರಿಸಿದೆ?" ಎಂದು ಕೇಳಿದರೆ ಸಾಕು.

ಇನ್ನೊಂದು ಪ್ರಯೋಗವಿದೆ. ಮಾಸ್ಟರ್ ಆಫ್ ಒರಾಯನ್ ಗೆಲ್ಲಲು ಎಲ್ಲರನ್ನೂ ಅಳಿಸಬೇಕಾಗಿಲ್ಲ. ಗ್ರಹಗಳು ಬಹುಪಾಲು ತುಂಬಿದ ಮೇಲೆ ಎಲ್ಲ ರಾಜ್ಯಗಳ ಮಹಾಸಭೆ ಸೇರುತ್ತದೆ. ಜನಸಂಖ್ಯೆಗೆ ತಕ್ಕಂತೆ ಮತ, ಮೂರನೆಯ ಎರಡರಷ್ಟು ಮತ ಪಡೆದವರೇ ನಾಯಕರು. ಇದರಲ್ಲೂ ಒಂದು ಕಳ್ಳದಾರಿ ಇದೆ. ನೆರೆಯವರನ್ನು ಮೊದಲೇ ಅಳಿಸಿದರೆ ನಮ್ಮ ಪಾಲು ತಾನಾಗಿ ಹೆಚ್ಚುತ್ತದೆ. ಆದ್ದರಿಂದ ಶರತ್ತು ಹಾಕಿ: ಜನವಸತಿಯ ಯಾವ ಗ್ರಹಕ್ಕೂ ಸೈನ್ಯ ಇಳಿಸದೆ, ಮತದಿಂದಲೇ ಗೆಲ್ಲಬೇಕು. ಸಂಧಾನದಲ್ಲಿ ಚತುರರಾದ ಮನುಷ್ಯ ಜನಾಂಗವನ್ನು ಆರಿಸಿಕೊಂಡರೆ ಅನುಕೂಲ. ವ್ಯಾಪಾರ ಒಪ್ಪಂದ ಮಾಡಿಕೊಂಡ ಮೊದಲ ವರ್ಷಗಳಲ್ಲಿ ನಷ್ಟವೇ, ಲಾಭ ನಿಧಾನವಾಗಿ ಬರುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಬೇಕು. ವಿದ್ಯೆಯನ್ನು ಕದಿಯುವ ಬದಲು ಕೊಟ್ಟು ಕೊಳ್ಳಬೇಕು. ಮತದಾನದ ವರ್ಷ ಬಂದಾಗ ಮನೆಯವರೆಲ್ಲ ಪರದೆಯ ಮುಂದೆ ಸೇರಿ. ಒಂದೊಂದು ರಾಜ್ಯವೂ ಸರದಿಯಂತೆ ತನ್ನ ಮತ ಹೇಳುತ್ತದೆ. ಯಾರು ನಿಮ್ಮ ಕಡೆ ನಿಂತರು, ಯಾರು ಸುಮ್ಮನೆ ಉಳಿದರು, ಆ ಸುಮ್ಮನೆ ಉಳಿದವರಿಗೆ ಹಿಂದೆ ನೀವು ಏನು ಮಾಡಿದ್ದಿರಿ ಎಂದು ಮಗಳನ್ನು ಕೇಳಿ.