ಕಾಯ್ದೆ ಬಂತು, ರೂಲ್ಸ್ ಎಲ್ಲಿ?

ಫಸ್ಟ್ ಸೆಮ್‌ನಲ್ಲಿ ಕ್ರಿಕೆಟ್ ಆಡೋವಾಗ ಬಿದ್ದು ಕಾಲು ಮುರ್ಕೊಂಡಿದ್ದೆ. ಆರು ವಾರ ಊರುಗೋಲು. ನಮ್ಮ ಬ್ಲಾಕ್ ಮುಂದೆ ರ‍್ಯಾಂಪ್ ಇದೆ, ಆದ್ರೆ ಅದರ ಮೇಲೆ ಇಳಿಯೋದಕ್ಕಿಂತ ಮೆಟ್ಟಿಲೇ ವಾಸಿ ಅನ್ನಿಸ್ತಿತ್ತು. ಕಾಲು ಸರಿಹೋಯ್ತು, ನಾನು ಮರೆತೂಬಿಟ್ಟೆ.

ಈ ವರ್ಷ ನಮ್ಮ ಬ್ರಾಂಚ್‌ಗೆ ವೀಲ್‌ಚೇರ್ ಬಳಸುವ ಜೂನಿಯರ್ ಒಬ್ಬ ಬಂದಿದ್ದಾನೆ. ಇಬ್ಬರು ಹಿಂದಿನಿಂದ ತಳ್ಳಿದರೆ ಮಾತ್ರ ಅವನು ಆ ರ‍್ಯಾಂಪ್ ಹತ್ತೋಕೆ ಆಗೋದು. ಒಂದು ಸಂಜೆ ನಾವಿಬ್ಬರೂ ಟೇಪ್ ಹಿಡಿದು ಅಳೆದೆವು. ಎತ್ತರ 45 ಸೆಂಟಿಮೀಟರ್, ಉದ್ದ 2 ಮೀಟರ್. ಇಳಿಜಾರು 1:12 ಇರಬೇಕು, ಅಂದರೆ 45 ಸೆಂಟಿಮೀಟರ್ ಎತ್ತರಕ್ಕೆ 5.4 ಮೀಟರ್ ಉದ್ದ ಬೇಕು. ಅರ್ಧವೂ ಇಲ್ಲ!

"ಇದಕ್ಕೆಲ್ಲ ಕಾನೂನು ಇಲ್ವಾ ಅಣ್ಣಾ?" ಅಂದ. "ಇರಬೇಕು, ನೋಡ್ತೀನಿ" ಅಂದೆ. ಹುಡುಕ್ತಾ ಹೋದಾಗ ಅಮೆರಿಕದ ಒಂದು ಕಥೆ ಸಿಕ್ಕಿತು. ಸರ್ಕಾರ ಹೇಗೆ ಕೆಲಸ ಮಾಡುತ್ತೆ ಅಂತ ಸಿವಿಕ್ಸ್ ಪುಸ್ತಕಕ್ಕಿಂತ ಅದರಿಂದಲೇ ನನಗೆ ಚೆನ್ನಾಗಿ ಅರ್ಥವಾಯ್ತು. ಅದನ್ನೇ ಇಲ್ಲಿ ಹೇಳ್ತೀನಿ.

ಒಂದೇ ವಾಕ್ಯ

1973ರಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ವಿಕಲಚೇತನರ ಪುನರ್ವಸತಿ ಕಾಯ್ದೆಯನ್ನು ಪಾಸ್ ಮಾಡಿತು. ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದರ ಕೊನೆಯಲ್ಲಿ ಸೆಕ್ಷನ್ 504 ಅಂತ ಒಂದು ವಾಕ್ಯ ಇತ್ತು. ಅದರ ಸಾರಾಂಶ ಇಷ್ಟೇ: ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ.

'ಹಣ ಪಡೆಯುವ' ಅನ್ನೋ ಮಾತು ಗಮನಿಸಿ. ಅಲ್ಲಿ ಶಾಲೆ, ಆಸ್ಪತ್ರೆ, ಬಸ್ಸು ಹೆಚ್ಚಾಗಿ ರಾಜ್ಯಗಳ ಮತ್ತು ಸ್ಥಳೀಯ ಆಡಳಿತದ ಕೈಯಲ್ಲಿವೆ. ಕೇಂದ್ರ ನೇರವಾಗಿ ಬಂದು ಅವನ್ನು ನಡೆಸಲ್ಲ. ಆದರೆ ಹಣ ಕೊಡುತ್ತೆ, ಹಣದ ಜೊತೆ ಷರತ್ತು ಹಾಕುತ್ತೆ. ಫೆಡರಲ್ ವ್ಯವಸ್ಥೆಯಲ್ಲಿ ಎಷ್ಟೋ ನೀತಿಗಳು ಜಾರಿಗೆ ಬರೋದು ಹೀಗೇ.

ಕಾನೂನು ಆಯ್ತು, ಸಹಿಯೂ ಆಯ್ತು. ಮರುದಿನ ಒಂದೇ ಒಂದು ಕಟ್ಟಡವೂ ಬದಲಾಗಲಿಲ್ಲ. ಯಾಕೆ?

ನಮ್ಮ ಭಾಷೆಯಲ್ಲಿ ಹೇಳ್ತೀನಿ. ಕಾಯ್ದೆ ಅನ್ನೋದು ಪ್ರಾಬ್ಲಮ್ ಸ್ಟೇಟ್‌ಮೆಂಟ್ ಇದ್ದ ಹಾಗೆ. "ನದಿಗೆ ಸೇತುವೆ ಡಿಸೈನ್ ಮಾಡಿ" ಅಂತ ಮೇಷ್ಟ್ರು ಹೇಳಿದ ಹಾಗೆ. ಎಷ್ಟು ಲೋಡ್, ಎಷ್ಟು ಸ್ಪ್ಯಾನ್, ಯಾವ ಮೆಟೀರಿಯಲ್? ಅದನ್ನು ಹೇಳೋದು ಸ್ಪೆಸಿಫಿಕೇಶನ್. ಕಾನೂನಿನಲ್ಲಿ ಆ ಕೆಲಸ ಮಾಡೋದು ನಿಯಮಗಳು, ನಾವೆಲ್ಲ ರೂಲ್ಸ್ ಅಂತೀವಲ್ಲ ಅದೇ. ಯಾರು, ಏನನ್ನು, ಯಾವಾಗಿನ ಒಳಗೆ ಮಾಡಬೇಕು, ಮಾಡದಿದ್ದರೆ ಎಲ್ಲಿ ದೂರು ಕೊಡಬೇಕು ಅನ್ನೋದೆಲ್ಲ ಅದರಲ್ಲೇ ಇರುತ್ತೆ. ಇದನ್ನು ಬರೆಯೋದು ಕಾಂಗ್ರೆಸ್ ಅಲ್ಲ, ಇಲಾಖೆ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ ಇಲಾಖೆ ಸಾಮಾನ್ಯವಾಗಿ ಮೊದಲು ಕರಡು ಪ್ರಕಟಿಸಬೇಕು, ಜನರ ಅಭಿಪ್ರಾಯ ಪಡೆಯಬೇಕು, ಆಮೇಲೆ ಅಂತಿಮ ಮಾಡಬೇಕು.

ಸಹಿಗಾಗಿ ಧರಣಿ

ಸೆಕ್ಷನ್ 504ರ ನಿಯಮ ಬರೆಯುವ ಹೊಣೆ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಗೆ ಬಿತ್ತು. ಕರಡು ರೆಡಿ ಆಯ್ತು. ಖರ್ಚಾಗುತ್ತೆ ಅಂತ ವಿರೋಧ ಬಂತು. 1976ರಲ್ಲಿ ಕೋರ್ಟ್ ಕೂಡ ನಿಯಮ ಹೊರಡಿಸಲೇಬೇಕು ಅಂದಿತು. ಆದರೂ ಆಗಿನ ಕಾರ್ಯದರ್ಶಿ (ಅಲ್ಲಿ ಮಂತ್ರಿಯನ್ನು ಹಾಗೆ ಕರೀತಾರೆ) ಸಹಿ ಮಾಡದೆಯೇ ಹುದ್ದೆ ಬಿಟ್ಟರು. 1977ರಲ್ಲಿ ಕಾರ್ಟರ್ ಸರ್ಕಾರ ಬಂತು. ಹೊಸ ಕಾರ್ಯದರ್ಶಿ ಜೋಸೆಫ್ ಕ್ಯಾಲಿಫಾನೊ, ಇನ್ನೊಮ್ಮೆ ಪರಿಶೀಲಿಸಬೇಕು ಅಂದರು.

ವಿಕಲಚೇತನರ ಸಂಘಟನೆಗಳಿಗೆ ಗೊತ್ತಿತ್ತು, 'ಪರಿಶೀಲನೆ' ಅಂದರೆ ಕರಡನ್ನು ದುರ್ಬಲ ಮಾಡೋದು ಅಂತ. 1977ರ ಏಪ್ರಿಲ್ 5ರಂದು ಹಲವು ನಗರಗಳಲ್ಲಿ ಇಲಾಖೆಯ ಕಚೇರಿಗಳ ಮುಂದೆ ಪ್ರತಿಭಟನೆ ಶುರುವಾಯ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಕ್ಕೂ ಹೆಚ್ಚು ಜನ ಕಚೇರಿಯ ಒಳಗೇ ಕೂತುಬಿಟ್ಟರು. ಜೂಡಿ ಹ್ಯೂಮನ್, ಕಿಟ್ಟಿ ಕೋನ್ ಮುಂದಾಳುಗಳು. ಫೋನ್ ಲೈನ್ ಕಟ್ ಆದಾಗ ಕಿವುಡರು ಕಿಟಕಿಯಿಂದ ಹೊರಗಿದ್ದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯವರು ಬಿಸಿ ಊಟ ತಂದುಕೊಟ್ಟರು. ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ನಡೆಯಿತು. ಔಷಧಿ, ಆರೈಕೆ ಬೇಕಾದವರೂ ನೆಲದ ಮೇಲೆ ಮಲಗಿದರು.

ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ಅವರು ಕೇಳಿದ್ದು "ನ್ಯಾಯ ಕೊಡಿ" ಅಂತ ಮಾತ್ರ ಅಲ್ಲ, "ಈ ಕರಡಿಗೆ, ಏನೂ ಬದಲಾಯಿಸದೆ, ಸಹಿ ಹಾಕಿ" ಅಂತ. ಕರಡನ್ನು ಅವರು ಓದಿ ತಿಳ್ಕೊಂಡಿದ್ದರು. ಇಬ್ಬರು ಸಂಸದರು ಅದೇ ಕಟ್ಟಡದಲ್ಲಿ ವಿಚಾರಣೆ ನಡೆಸಿದಾಗ ಇಲಾಖೆ ಯೋಚಿಸುತ್ತಿದ್ದ ಬದಲಾವಣೆಗಳು ಬಯಲಾದವು. ಯಾವ ಬದಲಾವಣೆಯಿಂದ ಏನು ಕಳೆದುಹೋಗುತ್ತೆ ಅಂತ ಧರಣಿ ಕೂತವರಿಗೆ ತಕ್ಷಣ ಅರ್ಥವಾಯ್ತು. ಏಪ್ರಿಲ್ 28ಕ್ಕೆ ಕ್ಯಾಲಿಫಾನೊ ಸಹಿ ಹಾಕಿದರು.

ಪಾಠ ಕಲಿಸಿದ ಜನ

ಸಹಿ ಆದಮೇಲೂ ಅವರು ಸುಮ್ಮನಾಗಲಿಲ್ಲ. ಊರೂರಲ್ಲಿ ತರಬೇತಿ ಶುರುವಾಯ್ತು. ವಿಕಲಚೇತನರಿಗೆ, ವಿಕಲಚೇತನ ಮಕ್ಕಳ ತಂದೆ ತಾಯಿಗೆ ಕಲಿಸಿದ್ದು ಇದು: 504 ಏನು ಹೇಳುತ್ತೆ, ನಿಮ್ಮ ಶಾಲೆಗೆ ಫೆಡರಲ್ ಹಣ ಬರುತ್ತಾ, ಅಧಿಕಾರಿ ಜೊತೆ ಹೇಗೆ ಮಾತಾಡಬೇಕು, ದೂರು ಎಲ್ಲಿ ಕೊಡಬೇಕು. ಸಾವಿರಾರು ಜನ ಹೀಗೆ ತಯಾರಾದರು. ಎಲ್ಲರೂ ಲಾಯರ್‌ಗಳಲ್ಲ, ನಮ್ಮ ನಿಮ್ಮ ಮನೆಯವರಂಥ ಜನ.

ಇದರ ಬೆಲೆ ಗೊತ್ತಾಗಿದ್ದು 1980ರ ದಶಕದಲ್ಲಿ. ರೇಗನ್ ಸರ್ಕಾರ ನಿಯಮಗಳ ಹೊರೆ ಇಳಿಸೋಕೆ ಅಂತ ಕಾರ್ಯಪಡೆ ಮಾಡಿತು. ಅದರ ಮುಖ್ಯಸ್ಥ ಉಪಾಧ್ಯಕ್ಷ ಜಾರ್ಜ್ ಬುಷ್. 504ರ ನಿಯಮಗಳೂ ಅವರ ಪಟ್ಟಿಯಲ್ಲಿದ್ದವು. ಆಗ ವಾಷಿಂಗ್ಟನ್‌ಗೆ ಸಾವಿರಗಟ್ಟಲೆ ಪತ್ರಗಳು ಬಂದವು. 1983ರಲ್ಲಿ ಸರ್ಕಾರ ಹಿಂದೆ ಸರಿಯಿತು. ಮಜಾ ಏನಂದ್ರೆ, ಅದೇ ಬುಷ್ ಅಧ್ಯಕ್ಷರಾದಾಗ, 1990ರ ಜುಲೈ 26ರಂದು, ಅಮೆರಿಕದ ವಿಕಲಚೇತನರ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರದ ಹಣ ಪಡೆಯದ ಅಂಗಡಿ, ಹೋಟೆಲ್‌ಗೂ ಅದು ಅನ್ವಯಿಸುತ್ತೆ.

ಈಗ ನಮ್ಮ ರ‍್ಯಾಂಪ್‌ಗೆ ಬರೋಣ

ಭಾರತ 2007ರಲ್ಲಿ ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವನ್ನು ಅನುಮೋದಿಸಿತು. ಅದನ್ನು ಜಾರಿ ಮಾಡೋಕೆ ಸಂಸತ್ತು 2016ರಲ್ಲಿ ಕಾಯ್ದೆ ಮಾಡಿತು, 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಮಾಡಬೇಕು ಅಂತ ಕಾಯ್ದೆಯ ಸೆಕ್ಷನ್ 45 ಹೇಳುತ್ತೆ. ಹಾಗಾದ್ರೆ ತೊಂದರೆ ಎಲ್ಲಿ? ಅದೇ ಹಳೇ ಕಥೆ, ನಿಯಮದಲ್ಲಿ! 2024ರ ನವೆಂಬರ್ 8ರಂದು ರಾಜೀವ್ ರಟೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕಾಯ್ದೆ 'ಕಡ್ಡಾಯ' ಅಂದಿದೆ, ನಿಯಮ 15(1) ಅದನ್ನು ಬರೀ ಶಿಫಾರಸು ಮಾಡಿಬಿಟ್ಟಿದೆ, ಆದ್ದರಿಂದ ಆ ನಿಯಮ ಕಾಯ್ದೆಗೆ ವಿರುದ್ಧ. ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ಮಾಡಿ ಅಂತ ಕೇಂದ್ರಕ್ಕೆ ಸೂಚಿಸಿತು.

ನಮ್ಮಲ್ಲೂ ಕರಡಿನ ಹಂತದಲ್ಲಿ ಮಾತಾಡೋಕೆ ಅವಕಾಶ ಇದೆ. ಕೇಂದ್ರದ ಕರಡು ಕಾಯ್ದೆ, ನಿಯಮಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇಡಬೇಕು ಅಂತ 2014ರಿಂದ ಒಂದು ನೀತಿ ಇದೆ. ನಮ್ಮಲ್ಲಿ ಎಷ್ಟು ಜನ ಒಂದಾದರೂ ಕರಡು ಓದಿದ್ದೀವಿ? ನಾನಂತೂ ಓದಿರಲಿಲ್ಲ. ಹೊಸ ಕಾಯ್ದೆ ಬಂದ ದಿನ ಸ್ಟೇಟಸ್ ಹಾಕ್ತೀವಿ, ನಿಯಮ ಬಂದ ದಿನ ಯಾರಿಗೂ ಗೊತ್ತೇ ಆಗಲ್ಲ.

ನಾವಿಬ್ಬರೂ ಒಂದು ಪುಟದ ಅರ್ಜಿ ಬರೆದೆವು. ನಮ್ಮ ಅಳತೆ, ಇರಬೇಕಾದ ಅಳತೆ, ಸೆಕ್ಷನ್ ನಂಬರ್, ಒಂದು ಸ್ಕೆಚ್. ಮುಂಚೆ ಬಾಯಲ್ಲಿ ಹೇಳಿದಾಗ "ನೋಡೋಣಪ್ಪ" ಅಂತ ಕಳಿಸಿದ್ದರು. ಈ ಸಲ ಅರ್ಜಿ ತಗೊಂಡು, ಸೀಲ್ ಹಾಕಿ, ಸ್ವೀಕೃತಿ ಕೊಟ್ಟರು. ರ‍್ಯಾಂಪ್ ಇನ್ನೂ ಹಾಗೇ ಇದೆ. ಮುಂದಿನ ತಿಂಗಳು ಆ ಸ್ವೀಕೃತಿ ಹಿಡಿದು ಮತ್ತೆ ಹೋಗ್ತೀವಿ.

ನಿಮ್ಮ ಬ್ಲಾಕ್‌ನ ರ‍್ಯಾಂಪ್ ಕೂಡ ಅಳೆದು ನೋಡಿ. ಎತ್ತರ, ಉದ್ದ, ಎರಡೇ ಅಳತೆ ಸಾಕು, ಭಾಗಾಕಾರ ಎಲ್ಲರಿಗೂ ಬರುತ್ತೆ. ಬರೆದು ಕನ್ನಡ ಸಂಘದ ರೂಮಿಗೆ ತಂದುಕೊಡಿ. ಎಲ್ಲಾ ಬ್ಲಾಕ್‌ಗಳ ಅಳತೆ ಸೇರಿಸಿ ಒಂದೇ ಅರ್ಜಿ ಮಾಡೋಣ.