ಸೈಟೇಶನ್ ಎಣಿಸುವ ತಂಗಿಗೆ



ಹಿರೋಳ್ಳಿಯ ಹುಡುಗಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂಬುದೇ ನಮ್ಮ ಓಣಿಗೆ ಹೆಮ್ಮೆ. ಜಾತ್ರೆಯ ಗದ್ದಲದಲ್ಲಿ ನೀನು ಕೇಳಿದ್ದು ಒಂದೇ ಮಾತು: ‘ಕಾಕಾ, ಎಚ್-ಇಂಡೆಕ್ಸ್ ಲಗೂನ ಹೆಂಗ ಏರಸೋದು?’ ನಿನ್ನಂಥ ಇನ್ನೂ ನಾಲ್ಕು ಮಂದಿಗೆ ಬೇಕಾದೀತೆಂದು ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ.

ಸಂಶೋಧಕರನ್ನು ಅಳೆಯುವ ಈ ಎಚ್-ಇಂಡೆಕ್ಸ್ ಅಂಕಿಯನ್ನು 2005ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ಎಚ್-ಇಂಡೆಕ್ಸ್ ಹತ್ತು ಎಂದರೆ, ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಪೇಪರ್‌ಗಳಿವೆ ಎಂದರ್ಥ. ಅದರಲ್ಲೊಂದು ಸಾವಿರ ಸಲ ಉಲ್ಲೇಖಗೊಂಡಿದ್ದರೂ ಅಂಕಿ ಹತ್ತೇ. ಮೆಚ್ಚಿ ಉಲ್ಲೇಖಿಸಿದರೋ, ತಪ್ಪು ತೋರಿಸಲು ಉಲ್ಲೇಖಿಸಿದರೋ, ಅದಕ್ಕೆ ತಿಳಿಯದು. ಹಾಗೆಂದು ಇದನ್ನು ಮರೆತುಬಿಡು ಎನ್ನಲಾರೆ. ನೌಕರಿ ಗಟ್ಟಿಯಾದವರಷ್ಟೇ ಆ ಮಾತು ಆಡಬಲ್ಲರು. ಸಂದರ್ಶನಕ್ಕೆ ಕೂರಬೇಕಾದವಳು ನೀನು.

ಆದರೆ ಅಂಕಿ ಏರಿಸುವ ಮೊದಲು ನೀನು ಓದಲೇಬೇಕಾದ ಒಂದು ಪೇಪರ್ ನಮ್ಮ ಮಗ್ಗುಲಲ್ಲೇ ಹುಟ್ಟಿದೆ. ನಮ್ಮ ತಾಲೂಕಿನ ಗಡಿ ದಾಟಿದರೆ ಉಮರ್ಗಾ, ಅದು ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಶುರುವಾಗಿ, 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳನ್ನು ಸೇರಿಸಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಅಧ್ಯಯನ ನಡೆಯಿತು. ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ, ಮುಂಬಯಿಯ ಟಾಟಾ ಮೆಮೋರಿಯಲ್, ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೂಡಿ ಮಾಡಿದ ಕೆಲಸ. ಶಂಕರನಾರಾಯಣನ್, ನೆನೆ, ಶಾಸ್ತ್ರಿ, ಕಸ್ತೂರಿ ಜಯಂತ್ ಮುಂತಾದವರ ಹೆಸರಿನಲ್ಲಿ 2009ರ ಏಪ್ರಿಲ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಚ್ಚಾಯಿತು.

ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿದ್ದರು. ಒಂದಕ್ಕೆ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಪರೀಕ್ಷೆ, ಇನ್ನೊಂದಕ್ಕೆ ಗರ್ಭಕಂಠದ ಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಮತ್ತೊಂದಕ್ಕೆ ಅಸಿಟಿಕ್ ಆಮ್ಲ ಸವರಿ ಕಣ್ಣಿನಿಂದ ನೋಡುವ ಅಗ್ಗದ ವಿಧಾನ. ನಾಲ್ಕನೆಯದಕ್ಕೆ ಎಂದಿನ ಆರೈಕೆ. ಎಂಟು ವರ್ಷಗಳ ಲೆಕ್ಕ ನೋಡು: ಒಂದೇ ಸಲ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆಯಿಲ್ಲದ ಗುಂಪಿನಲ್ಲಿ 64. ಬಡದೇಶಕ್ಕೆ ಒದಗೀತೆಂದು ಎಲ್ಲರೂ ಆಸೆಯಿಟ್ಟಿದ್ದ ಅಗ್ಗದ ವಿಧಾನದಿಂದ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಅದನ್ನೂ ಮುಚ್ಚಿಡದೆ ಅಚ್ಚು ಹಾಕಿದರು. ಮುಂದೆ ಮುಂಬಯಿಯಲ್ಲಿ ಅದೇ ವಿಧಾನವನ್ನು ಎರಡು ವರ್ಷಕ್ಕೊಮ್ಮೆ ಮಾಡಿದಾಗ ಸಾವು ಶೇ. 31ರಷ್ಟು ಇಳಿಯಿತು ಎಂದು 2014ರಲ್ಲಿ ವರದಿಯಾಯಿತು. ಆಗದ್ದನ್ನೂ ಬರೆದಿಟ್ಟರೇ ಮುಂದಿನವರು ದಾರಿ ತಿದ್ದಿಕೊಳ್ಳಲು ಆಗುವುದು. 2021ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆ ಎಂದು ಹೇಳಿತು.

ತಪಾಸಣೆಯಿಲ್ಲದೆ ಬಿಟ್ಟ ಆ ನಾಲ್ಕನೆಯ ಗುಂಪಿನ ಬಗ್ಗೆ ಕಟುವಾದ ಟೀಕೆಯೂ ಬಂದಿದೆ, ಬರಬೇಕಾದದ್ದೇ. ಗಡಿಯ ಆಚೀಚೆ ಹೆಣ್ಣು ಕೊಟ್ಟು ತರುವ ನಾವು ಆ ಗುಂಪಿನ 31,488 ಮಂದಿಯನ್ನು ಬರೀ ಅಂಕಿಯೆಂದು ಓದಲಾದೀತೇ? ಪೇಪರ್ ದೊಡ್ಡದು ಎನ್ನುತ್ತಲೇ ಆ ಪ್ರಶ್ನೆಯನ್ನೂ ಕೇಳು. ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದ ಆರೋಗ್ಯ ಕಾರ್ಯಕರ್ತೆಯರಿಗೆ ಎಚ್-ಇಂಡೆಕ್ಸ್ ಇಲ್ಲ ಎಂಬುದನ್ನೂ ನೆನಪಿಡು.

ಇನ್ನು ನಿನ್ನದೇ ವಿಷಯ, ಅರಿಶಿನದ ಕರ್ಕ್ಯುಮಿನ್. ಪಂಜಾಬಿನ ಬಟಾಲಾದಲ್ಲಿ ಹುಟ್ಟಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭರತ್ ಅಗರ್ವಾಲ್ ಈ ಕ್ಷೇತ್ರದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡವರ ಸಾಲಿನಲ್ಲಿದ್ದರು. ಚಿತ್ರಗಳ ಬಗ್ಗೆ ಸಂಶಯವೆದ್ದು ಅವರ ಇಪ್ಪತ್ತಕ್ಕೂ ಹೆಚ್ಚು ಪೇಪರ್‌ಗಳನ್ನು ಜರ್ನಲ್‌ಗಳು ಹಿಂತೆಗೆದುಕೊಂಡವು. 2017ರಲ್ಲಿ ರಸಾಯನವಿಜ್ಞಾನಿಗಳ ಒಂದು ತಂಡ ಹಿಂದಿನ ಕೆಲಸವನ್ನೆಲ್ಲ ಜಾಲಾಡಿ, ಕರ್ಕ್ಯುಮಿನ್ ದೇಹದಲ್ಲಿ ನಿಲ್ಲುವುದಿಲ್ಲ, ಔಷಧವಾಗುವ ಲಕ್ಷಣವೂ ಅದಕ್ಕೆ ಕಡಿಮೆ ಎಂದು ಬರೆಯಿತು. ಹಿಂತೆಗೆದ ಪೇಪರ್‌ಗಳನ್ನು ಇನ್ನೂ ಉಲ್ಲೇಖಿಸುವವರಿದ್ದಾರೆ. ನಿನ್ನ ಪಟ್ಟಿಯಲ್ಲಿ ಅಂಥದ್ದು ಇದೆಯೇ ಎಂದು ಇವತ್ತೇ ನೋಡು.

ನಿನ್ನ ಬ್ಲಾಟ್ ಪರೀಕ್ಷೆಗಳ ಮೂಲ ಚಿತ್ರಗಳನ್ನು ತಾರೀಖು ಹಾಕಿ ಜೋಪಾನವಾಗಿಡು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಕಡೆ ಹೋಗಬೇಡ. ‘ನೀ ನನ್ನನ್ನು ಉಲ್ಲೇಖಿಸು, ನಾ ನಿನ್ನನ್ನು’ ಎನ್ನುವ ಗೆಳೆಯರಿಗೆ ಚಹಾ ಕುಡಿಸಿ ಕಳಿಸು. ಗರ್ಭಕಂಠದ ಕ್ಯಾನ್ಸರಿನ ಹೀಲಾ ಕೋಶಗಳ ಮೇಲೆ ನಿನ್ನ ಸಂಯುಕ್ತ ಕೆಲಸ ಮಾಡದಿದ್ದರೆ ಅದನ್ನೇ ಬರೆ; ಪ್ರಬಂಧ ತೆಳ್ಳಗಾದರೂ ನಿಲ್ಲುತ್ತದೆ.

ಕೊನೆಗೊಂದು ಕೆಲಸ. 30ರಿಂದ 65 ವಯಸ್ಸಿನ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಆಗಬೇಕೆಂದು ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ನಿಮ್ಮವ್ವನಿಗೆ ಒಮ್ಮೆಯಾದರೂ ಆಗಿದೆಯೇ ಕೇಳು. ಆಗಿರದಿದ್ದರೆ, ಮುಂದಿನ ಪೇಪರ್ ಕಳಿಸುವ ಮೊದಲು ಕರೆದುಕೊಂಡು ಹೋಗಿ ಮಾಡಿಸು.

ಇಂತಿ,
ನಿಮ್ಮ ಓಣಿಯ ನಿವೃತ್ತ ವಿಜ್ಞಾನ ಮಾಸ್ತರ